ಲದ್ದಿ ಮತ್ತು ಕಣ್ಣೀರು: ಕ್ರಿಸ್ ಒಫಿಲಿಯ ಒಂದು ಚಿತ್ರದಲ್ಲಿ ಪ್ರತೀಕವಿಚಾರ

ಆಧುನಿಕ ಚಿತ್ರಕಲೆಯಲ್ಲಿ ಪ್ರತೀಕದ ಮಾತು ಬಂದೊಡನೆ ಪ್ರೇಕ್ಷಕನು ಸಾಮಾನ್ಯವಾಗಿ ಎರಡು ದಾರಿಗಳಲ್ಲಿ ಒಂದನ್ನು ಹಿಡಿಯುತ್ತಾನೆ. ಚಿತ್ರದಲ್ಲಿ ಕಂಡ ಪ್ರತಿಯೊಂದು ವಸ್ತುವಿಗೂ ನಿಘಂಟಿನಿಂದ ತೆಗೆದಂತೆ ಒಂದೊಂದು ಅರ್ಥವನ್ನು ತೆಗೆದು ಅಂಟಿಸುವುದು ಮೊದಲನೆಯ ದಾರಿ: ಪಾರಿವಾಳವೆಂದರೆ ಶಾಂತಿ, ಕೆಂಪೆಂದರೆ ರಕ್ತ, ತಾವರೆಯೆಂದರೆ ಪಾವಿತ್ರ್ಯ. ಅರ್ಥವೆಂಬುದು ನೋಡುವವನ ಇಚ್ಛೆಗೆ ಬಿಟ್ಟದ್ದು, ಯಾರಿಗೆ ಏನು ತೋರಿದರೂ ಅದೇ ಸರಿ ಎಂದು ಕೈತೊಳೆದುಕೊಳ್ಳುವುದು ಎರಡನೆಯ ದಾರಿ. ಮೊದಲನೆಯದರಲ್ಲಿ ಚಿತ್ರವನ್ನು ನೋಡುವ ಅಗತ್ಯವೇ ಬೀಳುವುದಿಲ್ಲ. ಎರಡನೆಯದರಲ್ಲಿ ವಿಮರ್ಶೆಯ ಅಗತ್ಯವೇ ಬೀಳುವುದಿಲ್ಲ. ಪ್ರತೀಕಕ್ಕೆ ಅರ್ಥವು ಬರುವುದು ಹೊರಗಿನ ನಿಘಂಟಿನಿಂದಲೂ ಅಲ್ಲ, ಪ್ರೇಕ್ಷಕನ ಸ್ವೇಚ್ಛೆಯಿಂದಲೂ ಅಲ್ಲ. ಆ ವಸ್ತುವು ಕೃತಿಯೊಳಗೆ ಯಾವ ಸ್ಥಾನದಲ್ಲಿ ನಿಂತು ಯಾವ ಕೆಲಸವನ್ನು ಮಾಡುತ್ತಿದೆಯೋ ಅದರಿಂದ. ಈ ಮಾತು ಮಿಶ್ರಮಾಧ್ಯಮದ ಚಿತ್ರಗಳಲ್ಲಿ ಇನ್ನಷ್ಟು ಸ್ಪಷ್ಟವಾಗುತ್ತದೆ. ತೈಲವರ್ಣದಲ್ಲಿ ಬರೆದ ಮಣ್ಣು ಮಣ್ಣಿನ ರೂಪ ಮಾತ್ರ. ಮಿಶ್ರಮಾಧ್ಯಮದಲ್ಲಿ ಮಣ್ಣೇ ಬಂದು ಚಿತ್ರದ ಮೇಲೆ ಕುಳಿತುಕೊಳ್ಳುತ್ತದೆ. ಅದು ತನ್ನ ತೂಕ, ವಾಸನೆ ಮತ್ತು ಪೂರ್ವಚರಿತ್ರೆಗಳನ್ನೂ ಹೊತ್ತು ತರುತ್ತದೆ. ಆಗ ವಿಮರ್ಶಕನ ಹೊಣೆ ದ್ವಿಗುಣವಾಗುತ್ತದೆ.

ಈ ದೃಷ್ಟಿಯಿಂದ ಪರೀಕ್ಷಿಸತಕ್ಕ ಒಂದು ಕೃತಿ ಕ್ರಿಸ್ ಒಫಿಲಿಯು ೧೯೯೮ರಲ್ಲಿ ರಚಿಸಿದ ‘ನೋ ವುಮನ್, ನೋ ಕ್ರೈ’. ಒಫಿಲಿಯು ೧೯೬೮ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್ ನಗರದಲ್ಲಿ ನೈಜೀರಿಯ ಮೂಲದ ತಂದೆತಾಯಿಗಳಿಗೆ ಹುಟ್ಟಿದವನು. ೧೯೯೨ರಲ್ಲಿ ವಿದ್ಯಾರ್ಥಿವೇತನವನ್ನು ಪಡೆದು ಜಿಂಬಾಬ್ವೆಗೆ ಹೋದಾಗ ಮಟೋಬೊ ಬೆಟ್ಟಗಳ ಪ್ರಾಚೀನ ಗುಹಾಚಿತ್ರಗಳನ್ನು ಕಂಡನು. ಆನೆಯ ಲದ್ದಿಯನ್ನು ಚಿತ್ರದ ಮೇಲೆ ಬಳಸಲು ತೊಡಗಿದ್ದೂ ಆ ಪ್ರವಾಸದಲ್ಲಿಯೇ. ಇಂಗ್ಲೆಂಡಿಗೆ ಮರಳಿದ ಮೇಲೆ ಲಂಡನ್ನಿನ ಮೃಗಾಲಯದ ಆನೆಗಳು ಅವನಿಗೆ ಈ ಸಾಮಗ್ರಿಯನ್ನು ಒದಗಿಸಿದುವು. ೧೯೯೮ರಲ್ಲಿ ಬ್ರಿಟನ್ನಿನ ಪ್ರಖ್ಯಾತವಾದ ಟರ್ನರ್ ಪ್ರಶಸ್ತಿಯು ಅವನಿಗೆ ದೊರೆಯಿತು. ಆ ಗೌರವವನ್ನು ಪಡೆದ ಮೊದಲ ಕಪ್ಪು ಕಲಾವಿದನು ಅವನೇ. ಪ್ರಸ್ತುತ ಚಿತ್ರವು ಲಂಡನ್ನಿನ ಟೇಟ್ ಸಂಗ್ರಹದಲ್ಲಿದೆ.

ಚಿತ್ರದ ವಿವರ ಹೀಗಿದೆ. ಸುಮಾರು ಎಂಟು ಅಡಿ ಎತ್ತರ, ಆರು ಅಡಿ ಅಗಲದ ಲಿನನ್ ಬಟ್ಟೆಯ ಮೇಲೆ ತೈಲವರ್ಣ, ಅಕ್ರಿಲಿಕ್ ವರ್ಣ, ಸೀಸದ ಕಡ್ಡಿಯ ಗೆರೆ, ಮಿನುಗುವ ಪುಡಿ ಮತ್ತು ಪಾಲಿಯೆಸ್ಟರ್ ರಾಳಗಳ ಪದರಗಳು ಒಂದರ ಮೇಲೊಂದು ಹರಡಿವೆ. ಇವುಗಳ ನಡುವೆ ಹೆಣೆದ ಕೂದಲಿನ ಒಬ್ಬ ಕಪ್ಪು ಹೆಂಗಸು ಅಳುತ್ತಿದ್ದಾಳೆ. ಅವಳ ಕಣ್ಣಿನಿಂದ ಹನಿಹನಿಯಾಗಿ ಕಣ್ಣೀರು ಇಳಿಯುತ್ತಿದೆ. ಹತ್ತಿರ ಹೋಗಿ ನೋಡಿದರೆ ಪ್ರತಿಯೊಂದು ಹನಿಯೊಳಗೂ ಕಾಗದದಿಂದ ಕತ್ತರಿಸಿ ಅಂಟಿಸಿದ ಒಂದು ಪುಟ್ಟ ಮುಖವಿದೆ. ಎಲ್ಲ ಹನಿಗಳಲ್ಲಿಯೂ ಅದೇ ಒಬ್ಬ ಹುಡುಗನ ಮುಖ. ಅವಳ ಕೊರಳಿನ ಹಾರದಲ್ಲಿ ಪದಕದ ಸ್ಥಾನದಲ್ಲಿ ಒಣಗಿಸಿ ಮೆರುಗೆಣ್ಣೆ ಕೊಟ್ಟ ಲದ್ದಿಯ ಒಂದು ಉಂಡೆಯಿದೆ. ಚಿತ್ರವನ್ನು ಗೋಡೆಗೆ ತೂಗುಹಾಕಿಲ್ಲ. ನೆಲದ ಮೇಲಿಟ್ಟ ಲದ್ದಿಯ ಎರಡು ಉಂಡೆಗಳ ಮೇಲೆ ನಿಂತು ಅದು ಗೋಡೆಗೆ ಒರಗಿಕೊಂಡಿದೆ. ಆ ಎರಡು ಉಂಡೆಗಳಲ್ಲಿ ಬಣ್ಣದ ತಲೆಯ ಗುಂಡುಸೂಜಿಗಳನ್ನು ಚುಚ್ಚಿ ಚಿತ್ರದ ಹೆಸರನ್ನು ಎರಡು ಪಾಲಾಗಿ ಬರೆದಿದೆ.

ಹನಿಗಳಲ್ಲಿರುವ ಮುಖವು ಸ್ಟೀಫನ್ ಲಾರೆನ್ಸ್ ಎಂಬ ಹದಿನೆಂಟು ವರ್ಷದ ತರುಣನದು. ೧೯೯೩ರ ಏಪ್ರಿಲ್ ೨೨ರ ರಾತ್ರಿ ಆಗ್ನೇಯ ಲಂಡನ್ನಿನ ಎಲ್ಟಮ್ ಎಂಬಲ್ಲಿ ಸ್ನೇಹಿತನೊಡನೆ ಬಸ್ಸಿಗಾಗಿ ಕಾದು ನಿಂತಿದ್ದಾಗ ಬಿಳಿಯ ಯುವಕರ ಗುಂಪೊಂದು ಅವನನ್ನು ಇರಿದು ಕೊಂದಿತು. ಅವನ ಬಣ್ಣವಲ್ಲದೆ ಬೇರೆ ಕಾರಣವಿರಲಿಲ್ಲ. ಜಮೈಕದಿಂದ ಬಂದು ನೆಲಸಿದ ತಂದೆತಾಯಿಗಳ ಮಗನಾದ ಅವನು ವಾಸ್ತುಶಿಲ್ಪಿಯಾಗಬೇಕೆಂದಿದ್ದವನು. ಪೊಲೀಸರ ತನಿಖೆ ಫಲ ಕೊಡಲಿಲ್ಲ; ಕುಟುಂಬದವರು ತಾವಾಗಿ ಹೂಡಿದ ಮೊಕದ್ದಮೆಯೂ ೧೯೯೬ರಲ್ಲಿ ಬಿದ್ದುಹೋಯಿತು. ತಾಯಿ ಡೊರೀನ್ ಲಾರೆನ್ಸ್ ಹೋರಾಟವನ್ನು ಬಿಡಲಿಲ್ಲ. ಸರ್ಕಾರವು ೧೯೯೭ರಲ್ಲಿ ನೇಮಿಸಿದ ವಿಚಾರಣಾ ಮಂಡಲಿಯು ೧೯೯೯ರ ಫೆಬ್ರವರಿಯಲ್ಲಿ ತನ್ನ ವರದಿಯನ್ನು ಪ್ರಕಟಿಸಿತು. ಲಂಡನ್ನಿನ ಪೊಲೀಸು ವ್ಯವಸ್ಥೆಯಲ್ಲಿಯೇ ವರ್ಣದ್ವೇಷವು ಸಾಂಸ್ಥಿಕವಾಗಿ ನೆಲೆಗೊಂಡಿದೆ ಎಂದು ಅದರಲ್ಲಿ ಸಾರಿತು. ಇಬ್ಬರು ಅಪರಾಧಿಗಳಿಗೆ ಶಿಕ್ಷೆಯಾದದ್ದು ೨೦೧೨ರ ಜನವರಿಯಲ್ಲಿ. ಚಿತ್ರವು ರಚಿತವಾದ ೧೯೯೮ರಲ್ಲಿ ಕೊಲೆಗಾಗಿ ಒಬ್ಬನಿಗೂ ಶಿಕ್ಷೆಯಾಗಿರಲಿಲ್ಲ ಎಂಬುದನ್ನು ಇಲ್ಲಿ ವಿಶೇಷವಾಗಿ ಗಮನಿಸತಕ್ಕದ್ದು. ಚಿತ್ರದ ಅರ್ಥವಿಚಾರಕ್ಕೆ ಈ ಕಾಲಕ್ರಮವು ಅತ್ಯಾವಶ್ಯಕ.

ಈಗ ಲದ್ದಿಯ ವಿಚಾರ. ಈ ಸಾಮಗ್ರಿಗೆ ಮೂರು ಸಿದ್ಧಾರ್ಥಗಳು ಸಿದ್ಧವಾಗಿ ಕಾದಿವೆ, ಮೂರೂ ದಾರಿತಪ್ಪಿಸತಕ್ಕವು. ಮೊದಲನೆಯದು ಪಾಶ್ಚಾತ್ಯ ನಾಗರಿಕನದು: ಮಲವೆಂದರೆ ಹೇಸಿಗೆ, ಅದನ್ನು ಚಿತ್ರಕ್ಕೆ ಹಚ್ಚುವುದೆಂದರೆ ಅವಮಾನ. ೧೯೯೯ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್ ವಸ್ತುಸಂಗ್ರಹಾಲಯದಲ್ಲಿ ಒಫಿಲಿಯ ‘ದಿ ಹೋಲಿ ವರ್ಜಿನ್ ಮೇರಿ’ ಎಂಬ ೧೯೯೬ರ ಚಿತ್ರವನ್ನು ಪ್ರದರ್ಶನಕ್ಕೆ ತಂದಾಗ ಈ ಅರ್ಥವೇ ಜಗಳಕ್ಕೆ ಕಾರಣವಾಯಿತು. ಕಪ್ಪು ಮೇರಿಮಾತೆಯ ಒಂದು ಸ್ತನವನ್ನು ಲದ್ದಿಯಿಂದ ರಚಿಸಿದ ಚಿತ್ರವದು. ಸುತ್ತಲೂ ಅಶ್ಲೀಲ ಪತ್ರಿಕೆಗಳಿಂದ ಕತ್ತರಿಸಿದ ತುಣುಕುಗಳು ದೇವದೂತರಂತೆ ಹಾರಾಡುತ್ತವೆ. ಪ್ರದರ್ಶನವು ತೆರೆಯುವ ಮೊದಲೇ ನಗರದ ಮೇಯರ್ ರೂಡಿ ಜೂಲಿಯಾನಿ ಅದನ್ನು ಖಂಡಿಸಿ ಸಂಸ್ಥೆಯ ಅನುದಾನವನ್ನು ನಿಲ್ಲಿಸಲು ಹೊರಟನು. ನ್ಯಾಯಾಲಯವು ಸಂಸ್ಥೆಯ ಪರವಾಗಿ ನಿಂತಿತು. ದೇವಿಯ ಮೇಲೆ ಲದ್ದಿಯನ್ನು ಎರಚಿದ್ದಾರೆ ಎಂಬ ಮಾತು ಹಬ್ಬಿತು. ಎರಚಿದ್ದಕ್ಕೂ, ಉಂಡೆಮಾಡಿ ಒಣಗಿಸಿ ಮೆರುಗು ಕೊಟ್ಟು ಎದೆಯ ಸ್ಥಾನದಲ್ಲಿ ಕೂರಿಸಿದ್ದಕ್ಕೂ ಇರುವ ಅಂತರವನ್ನು ಆ ಗದ್ದಲದಲ್ಲಿ ನೋಡಿದವರು ಕಡಮೆ. ನಿಘಂಟಿನ ಅರ್ಥವು ಕಣ್ಣನ್ನು ಕಟ್ಟಿತು.

ಎರಡನೆಯ ಸಿದ್ಧಾರ್ಥವು ಭಾರತೀಯನದು. ಕನ್ನಡಿಗನೂ ಇದಕ್ಕೆ ಹೊರತಲ್ಲ. ಅಂಗಳವನ್ನು ಸಗಣಿಯಿಂದ ಸಾರಿಸಿ ರಂಗವಲ್ಲಿ ಇಟ್ಟ ಮನೆಯಲ್ಲಿ ಬೆಳೆದವನಿಗೆ, ಪಂಚಗವ್ಯದ ಶುದ್ಧಿಯನ್ನು ಬಲ್ಲವನಿಗೆ, ದೀಪಾವಳಿಯಲ್ಲಿ ಸಗಣಿಯ ಕೆರಕವನ್ನು ಹೊಸ್ತಿಲಲ್ಲಿ ಇಟ್ಟು ಹೂ ಮುಡಿಸಿದ್ದನ್ನು ಕಂಡವನಿಗೆ ಪಾಶ್ಚಾತ್ಯರ ಈ ಹೇಸಿಗೆಯು ನಗೆಗೀಡಾಗಿ ತೋರಬಹುದು. ಲದ್ದಿಯು ಪವಿತ್ರವೆಂದು ಚಿತ್ರಕಾರನು ಹೇಳುತ್ತಿದ್ದಾನೆ ಎಂಬ ತೀರ್ಮಾನಕ್ಕೆ ಅವನು ಸುಲಭವಾಗಿ ಬಂದುಬಿಡಬಹುದು. ಆದರೆ ಅವನ ಭಾಷೆಯೇ ಇಲ್ಲಿ ಅವನನ್ನು ತಡೆಯುತ್ತದೆ. ಹಸು ಎಮ್ಮೆಗಳದು ಸಗಣಿ. ಆನೆ ಕುದುರೆಗಳದು ಲದ್ದಿ. ಆಡು ಕುರಿಗಳದು ಹಿಕ್ಕೆ. ಇಂಗ್ಲಿಷಿನವರು ಎಲ್ಲವನ್ನೂ ಒಂದೇ ಮಾತಿನಲ್ಲಿ ಮುಗಿಸುವ ಕಡೆ ಕನ್ನಡದ ಒಕ್ಕಲಿಗನು ಮೂರು ಪದಗಳನ್ನಿಟ್ಟುಕೊಂಡಿರುವುದು ವ್ಯರ್ಥವಲ್ಲ. ಪ್ರತಿಯೊಂದರ ಉಪಯೋಗವೂ ಬೇರೆ. ಸಗಣಿಯ ಪಾವಿತ್ರ್ಯವನ್ನು ಲದ್ದಿಗೆ ಬಳಿದು ಒಫಿಲಿಯನ್ನು ಅರ್ಥಮಾಡಿಕೊಳ್ಳ ಹೊರಡುವುದು ಜೂಲಿಯಾನಿಯ ತಪ್ಪನ್ನೇ ತಲೆಕೆಳಗು ಮಾಡಿದಂತೆ.

ಮೂರನೆಯದು ಸೂಕ್ಷ್ಮವಾದ ತಪ್ಪು: ಲದ್ದಿಯೆಂದರೆ ಆಫ್ರಿಕ, ಆದಕಾರಣ ಇದು ಕಲಾವಿದನ ಮೂಲದ ಪ್ರತೀಕ ಎನ್ನುವುದು. ಇದರಲ್ಲಿ ಸತ್ಯಾಂಶವಿಲ್ಲದಿಲ್ಲ. ಆದರೆ ಮ್ಯಾಂಚೆಸ್ಟರಿನಲ್ಲಿ ಹುಟ್ಟಿದವನು ಲಂಡನ್ನಿನ ಮೃಗಾಲಯದಿಂದ ತಂದ ಲದ್ದಿಯನ್ನು ಆಫ್ರಿಕದ ಮಣ್ಣೆಂದು ಭಾವಿಸುವುದರಲ್ಲಿ ಒಂದು ವಿಪರ್ಯಾಸವಿದೆ. ಆ ಆನೆಯೂ ಅದೇ ನಗರದ ನಿವಾಸಿ. ಕಪ್ಪು ಬಣ್ಣದ ಮನುಷ್ಯನು ಲಂಡನ್ನಿನಲ್ಲಿ ಹುಟ್ಟಿದರೂ ಅವನ ನಿಜವಾದ ಊರು ಬೇರೆಲ್ಲೋ ಇದೆ ಎನ್ನುವ ಭಾವನೆಯನ್ನು ಸೌಮ್ಯವಾಗಿ ಹೇಳಿದರೆ ಈ ವ್ಯಾಖ್ಯಾನವಾಗುತ್ತದೆ. ಕ್ರೂರವಾಗಿ ನಡೆಸಿದರೆ ಎಲ್ಟಮ್ಮಿನ ಬಸ್ಸಿನ ನಿಲ್ದಾಣದಲ್ಲಿ ನಡೆದದ್ದಾಗುತ್ತದೆ.

ಹಾಗಾದರೆ ದಾರಿ ಯಾವುದು? ಭಾರತೀಯ ಆಲಂಕಾರಿಕರ ಒಂದು ವಿಚಾರಕ್ರಮವು ಇಲ್ಲಿ ನೆರವಾಗುತ್ತದೆ. ಗಂಗೆಯ ಮೇಲೆ ಗೊಲ್ಲರ ಹಟ್ಟಿಯಿದೆ ಎಂಬ ಅವರ ಹಳೆಯ ಉದಾಹರಣೆ ವಿದ್ಯಾವಂತರಿಗೆ ಪರಿಚಿತವಾದದ್ದು. ಹರಿಯುವ ನೀರಿನ ಮೇಲೆ ಹಟ್ಟಿ ಇರಲಾರದು. ಮುಖ್ಯಾರ್ಥಕ್ಕೆ ಬಾಧೆ ಬರುತ್ತದೆ. ಮನಸ್ಸು ನೀರಿನಿಂದ ದಡಕ್ಕೆ ಸರಿಯುತ್ತದೆ. ದಡದ ಮೇಲೆ ಎನ್ನದೆ ಗಂಗೆಯ ಮೇಲೆ ಎಂದುದರಿಂದ ತಂಪು ಮತ್ತು ಪಾವನತೆಗಳು ಧ್ವನಿತವಾಗುತ್ತವೆ. ಇಲ್ಲಿ ಮುಖ್ಯವಾದದ್ದು ಕ್ರಮ: ಮೊದಲು ಬಾಧೆ ಎಲ್ಲಿದೆಯೆಂದು ಕಾಣಬೇಕು, ಅನಂತರ ಪ್ರಯೋಜನವನ್ನು ವಿಚಾರಿಸಬೇಕು. ಬಾಧೆಯಿಲ್ಲದ ಕಡೆ ಧ್ವನಿಯನ್ನು ಹುಡುಕುವುದು ವ್ಯರ್ಥ ಪಾಂಡಿತ್ಯ.

ಒಫಿಲಿಯ ಚಿತ್ರದಲ್ಲಿ ಬಾಧೆ ಎರಡು ಕಡೆ ಇದೆ. ಕೊರಳಿನ ಹಾರದಲ್ಲಿ ರತ್ನವಿರಬೇಕಾದ ಕಡೆ ಲದ್ದಿಯಿದೆ. ಗೋಡೆಯ ಮೊಳೆಯಿಂದ ತೂಗಬೇಕಾದ ಚಿತ್ರವು ನೆಲದ ಮೇಲೆ ಲದ್ದಿಯ ಆಧಾರದಿಂದ ನಿಂತಿದೆ. ಮೊದಲನೆಯ ಕಡೆ ಅದು ಧರಿಸಲ್ಪಟ್ಟಿದೆ; ಎರಡನೆಯ ಕಡೆ ಅದೇ ಧರಿಸಿದೆ. ಜಗತ್ತು ಯಾವುದನ್ನು ಕಸವೆಂದು ಬಿಸುಡುವುದೋ ಅದನ್ನು ತಾಯಿಯು ಎದೆಯ ಮೇಲೆ ಆಭರಣವಾಗಿ ಧರಿಸುತ್ತಾಳೆ, ಮತ್ತು ಆ ಕಸವೇ ಅವಳ ದುಃಖದ ಸಮಸ್ತ ಭಾರವನ್ನೂ ಕೆಳಗೆ ನಿಂತು ಹೊರುತ್ತದೆ. ಲದ್ದಿಯು ಇಲ್ಲಿ ಪವಿತ್ರವೂ ಅಲ್ಲ, ಅಪವಿತ್ರವೂ ಅಲ್ಲ, ಅದು ಭಾರವಾಹಿ. ಲದ್ದಿಗೆ ಬದಲಾಗಿ ಹಿತ್ತಾಳೆಯ ಎರಡು ಗುಂಡುಗಳನ್ನಿಟ್ಟರೂ ಚಿತ್ರವು ಬೀಳುತ್ತಿರಲಿಲ್ಲ. ಆದರೆ ತುಚ್ಛವಾದದ್ದು ಘನವಾದದ್ದನ್ನು ಹೊತ್ತು ನಿಂತಿದೆ ಎಂಬ ಅರ್ಥವು ಬಿದ್ದುಹೋಗುತ್ತಿತ್ತು. ಒಂದು ಸಾಮಗ್ರಿಯು ಕೃತಿಯಲ್ಲಿ ಪ್ರತೀಕವಾಗಿದೆಯೋ ಕೇವಲ ಚಮತ್ಕಾರವಾಗಿದೆಯೋ ಎಂಬುದನ್ನು ತಿಳಿಯಲು ಇದಕ್ಕಿಂತ ನಂಬತಕ್ಕ ಪರೀಕ್ಷೆ ಇನ್ನೊಂದಿಲ್ಲ: ಅದನ್ನು ಬದಲಾಯಿಸಿದರೆ ಏನು ನಷ್ಟವಾಗುತ್ತದೆ ಎಂದು ಕೇಳುವುದು.

ಈ ಮಾತಿಗೆ ಕನ್ನಡನಾಡಿನಿಂದಲೇ ಒಂದು ತೌಲನಿಕ ದೃಷ್ಟಾಂತವಿದೆ. ಭದ್ರಾವತಿಯಲ್ಲಿ ೧೯೫೭ರಲ್ಲಿ ಹುಟ್ಟಿ, ಬೆಂಗಳೂರು, ಶಾಂತಿನಿಕೇತನ ಮತ್ತು ಲಂಡನ್ನುಗಳಲ್ಲಿ ವ್ಯಾಸಂಗ ಮಾಡಿದ ಶೀಲಾ ಗೌಡರು ತೈಲವರ್ಣದ ಚಿತ್ರಕಾರ್ತಿಯಾಗಿದ್ದವರು. ೧೯೯೦ರ ದಶಕದ ಆರಂಭದಲ್ಲಿ, ದೇಶವು ಮತೀಯ ಹಿಂಸೆಯಿಂದ ಕಲಕಿಹೋಗಿದ್ದ ದಿನಗಳಲ್ಲಿ, ಅವರು ಬಣ್ಣವನ್ನು ಬದಿಗಿರಿಸಿ ಸಗಣಿಯನ್ನು ಕೈಗೆತ್ತಿಕೊಂಡರು. ಅವರ ಕೃತಿಗಳಲ್ಲಿ ಸಗಣಿಯು ಪೂಜಾದ್ರವ್ಯವೂ ಹೌದು, ಉರುವಲೂ ಹೌದು, ಹೆಂಗಸು ದಿನದಿನವೂ ಕೈಯಿಂದ ತಟ್ಟುವ ಬೆರಣಿಯ ದುಡಿಮೆಯೂ ಹೌದು. ಯಾವ ಗೋವಿನ ಹೆಸರಿನಲ್ಲಿ ಘೋಷಣೆಗಳು ಏಳುತ್ತವೆಯೋ ಆ ಗೋವಿನ ಸಗಣಿಯನ್ನು ಬಾಚುವ ಕೈ ಯಾರದು ಎಂಬ ಪ್ರಶ್ನೆಯನ್ನು ಅವು ಕೇಳುವಂತಿವೆ. ಒಫಿಲಿಯ ಲದ್ದಿಯು ಹೊಳೆಯುವ ಮೆರುಗಿನೊಳಗೆ ಅಪರೂಪದ ವಸ್ತುವಾಗಿ ಕುಳಿತರೆ, ಶೀಲಾ ಗೌಡರ ಸಗಣಿಯು ಎಲ್ಲರಿಗೂ ಪರಿಚಿತವಾದ ವಸ್ತುವಾಗಿಯೇ ಉಳಿದು ಆ ಪರಿಚಯವನ್ನೇ ಕಲಕುತ್ತದೆ. ಒಂದೇ ದಶಕದಲ್ಲಿ, ಮೇಲ್ನೋಟಕ್ಕೆ ಒಂದೇ ಜಾತಿಯ ಸಾಮಗ್ರಿಯಿಂದ, ಇಬ್ಬರೂ ದ್ವೇಷಕ್ಕೆ ಉತ್ತರ ಕೊಟ್ಟರು. ಆದರೂ ಒಬ್ಬರ ಅರ್ಥವನ್ನು ಇನ್ನೊಬ್ಬರ ಕೃತಿಗೆ ಒಯ್ಯುವಂತಿಲ್ಲ. ಸಾಮಗ್ರಿ ಸಮಾನ, ಕಾರ್ಯ ಭಿನ್ನ. ಆದಕಾರಣ ಪ್ರತೀಕವೂ ಭಿನ್ನ.

ಇನ್ನು ಕಣ್ಣೀರು. ಕಣ್ಣೀರು ದುಃಖದ ಸಂಕೇತವೆಂಬುದನ್ನು ಹೇಳಲು ವಿಮರ್ಶಕನು ಬೇಕಿಲ್ಲ. ಆದರೆ ಹನಿಯೊಳಗೆ ಮುಖವನ್ನಿಟ್ಟ ಕೂಡಲೇ ಸಂಕೇತವು ಪ್ರತೀಕವಾಗುತ್ತದೆ. ತಾಯಿಯು ಮಗನಿಗಾಗಿ ಅಳುತ್ತಿದ್ದಾಳೆ ಎನ್ನುವುದಕ್ಕಿಂತ ಮಗನನ್ನೇ ಅಳುತ್ತಿದ್ದಾಳೆ ಎನ್ನುವುದು ಇಲ್ಲಿ ಸರಿಯಾದೀತು. ಒಮ್ಮೆ ಒಡಲಿನಿಂದ ಹೊರಬಂದವನು ಈಗ ಕಣ್ಣಿನಿಂದ ಹೊರಬರುತ್ತಿದ್ದಾನೆ. ಪ್ರತಿಯೊಂದು ಹನಿಯೂ ಇನ್ನೊಂದು ಪ್ರಸವ ಮತ್ತು ಇನ್ನೊಂದು ಮರಣ. ಚಿತ್ರದಲ್ಲಿ ಮತ್ತೆಲ್ಲವೂ ಕೈಯಿಂದ ಬರೆದದ್ದು, ಈ ಮುಖವೊಂದೇ ಛಾಯಾಚಿತ್ರದ ಪ್ರತಿ ಎಂಬುದೂ ಅರ್ಥವತ್ತಾಗಿದೆ. ಹೆಂಗಸನ್ನು ಕಲ್ಪಿಸಬಹುದು, ಸತ್ತವನನ್ನು ಕಲ್ಪಿಸಕೂಡದು. ಅವನು ಇದ್ದನೆಂಬುದಕ್ಕೆ ಸಾಕ್ಷ್ಯ ಬೇಕು. ಎಂಟು ಅಡಿಯ ಚಿತ್ರದಲ್ಲಿ ಬೆರಳುಗುರಿನಂಥ ಈ ಸಾಕ್ಷ್ಯವನ್ನು ಕಾಣಬೇಕಾದರೆ ಪ್ರೇಕ್ಷಕನು ಗೌರವದ ದೂರವನ್ನು ಬಿಟ್ಟು ಅಳುವವಳ ಮುಖದ ಬಳಿಗೆ ಹೋಗಲೇಬೇಕಾಗುತ್ತದೆ.

ಹೆಸರಿನಲ್ಲಿಯೂ ಇಂಥದೇ ಒಂದು ತಿರುವು. ಅದು ಜಮೈಕದ ಗಾಯಕ ಬಾಬ್ ಮಾರ್ಲಿಯ ೧೯೭೪ರ ಹಾಡಿನ ಹೆಸರು. ಜಮೈಕದ ಆಡುಮಾತಿನಲ್ಲಿ ಅದಕ್ಕೆ ಹೆಂಗಸೇ, ಅಳಬೇಡ ಎಂದು ಅರ್ಥ. ಆ ಮಾತನ್ನು ಬಲ್ಲದವರು ಹೆಂಗಸಿಲ್ಲದಿದ್ದರೆ ಅಳುವಿಲ್ಲ ಎಂದು ಅಪಾರ್ಥಮಾಡಿಕೊಳ್ಳುವುದುಂಟು. ಒಫಿಲಿಯು ಆ ಹೆಸರನ್ನು ಎರಡು ಉಂಡೆಗಳ ಮೇಲೆ ಒಡೆದು ಬರೆದಾಗ ಸಮಾಧಾನದ ಮಾತು ಎರಡು ನಿಷೇಧಗಳಾಗಿ ನಿಲ್ಲುತ್ತದೆ: ಒಂದು ಕಡೆ ಹೆಂಗಸಿಲ್ಲ, ಇನ್ನೊಂದು ಕಡೆ ಅಳುವಿಲ್ಲ. ಮೇಲೆ ನೋಡಿದರೆ ಹೆಂಗಸಿದ್ದಾಳೆ, ಅಳುತ್ತಿದ್ದಾಳೆ. ಅವಳ ಮಾತನ್ನು ವರ್ಷಗಟ್ಟಲೆ ಕೇಳಿಸಿಕೊಳ್ಳದಿದ್ದ ಅಧಿಕಾರವರ್ಗದ ಕಿವುಡನ್ನೂ, ಅವಳನ್ನು ಸಂತೈಸುವ ಬಳಗದ ಮಾತನ್ನೂ ಒಂದೇ ಬರಹವು ಧ್ವನಿಸುತ್ತದೆ. ತಾಯ್ನುಡಿಯಲ್ಲಿ ಸಾಂತ್ವನವಾದದ್ದು ನೆಲಸಿದ ಊರಿನ ನುಡಿಯಲ್ಲಿ ನಿರಾಕರಣೆಯಾಗಿ ಕೇಳಿಸುವ ಅನುಭವವು ಪರಸ್ಥಳದಲ್ಲಿ ಬಾಳುವವರಿಗೆ ಅಪರಿಚಿತವಲ್ಲ.

ಚಿತ್ರದ ಅತ್ಯಂತ ಗೂಢವಾದ ಅಂಶವು ಬಣ್ಣದ ಪದರಗಳ ಅಡಿಯಲ್ಲಿದೆ. ಅಲ್ಲಿ ಕತ್ತಲಲ್ಲಿ ಬೆಳಗುವ ಬಣ್ಣದಿಂದ ಸ್ಟೀಫನ್ನನ ಹೆಸರು, ಅವನ ಜನನ ಮರಣಗಳ ವರ್ಷಗಳಾದ ೧೯೭೪ ಮತ್ತು ೧೯೯೩, ಅವನ ಆತ್ಮಕ್ಕೆ ಶಾಂತಿ ಕೋರುವ ಮೂರು ಅಕ್ಷರಗಳು ಬರೆದಿವೆ. ಸಭಾಂಗಣದ ಬೆಳಕಿನಲ್ಲಿ ಅವು ಕಂಡೂ ಕಾಣದಂತಿರುತ್ತವೆ. ದೀಪವು ಆರಿದಾಗ ಹೆಂಗಸು ಮರೆಯಾಗಿ ಹೆಸರು ಹೊಳೆಯುತ್ತದೆ. ಗೋರಿಯ ಮೇಲಿನ ಬರಹ ಇದು. ಈ ಬರಹವು ಚಿತ್ರದೊಳಗೆ ಏಕೆ ಬಂತು ಎಂಬುದಕ್ಕೆ ಒಂದು ನಿಜಸಂಗತಿಯು ಬೆಳಕು ಚೆಲ್ಲುತ್ತದೆ. ಸ್ಟೀಫನ್ನನ ದೇಹವನ್ನು ಅವನು ಹುಟ್ಟಿ ಬೆಳೆದ ಲಂಡನ್ನಿನಲ್ಲಿ ಹೂಳಲಿಲ್ಲ. ಜಮೈಕಕ್ಕೆ ಕೊಂಡೊಯ್ದು ಮಣ್ಣುಮಾಡಿದರು. ಅವನು ಬಿದ್ದ ಜಾಗದಲ್ಲಿ ನೆಟ್ಟ ಸ್ಮರಣಫಲಕವನ್ನು ದುಷ್ಟರು ಮತ್ತೆ ಮತ್ತೆ ವಿರೂಪಗೊಳಿಸಿದರು. ತನ್ನ ಊರಿನಲ್ಲಿ ಗೋರಿಯನ್ನೂ ಪಡೆಯದವನಿಗೆ ಆ ಊರಿನ ಚಿತ್ರವೊಂದರ ಒಡಲಿನಲ್ಲಿ ಅಕ್ಷರಗಳು ದೊರೆತುವು. ಯಾವ ಕೈಯೂ ಅಲ್ಲಿಗೆ ತಲಪಿ ಅವನ್ನು ಅಳಿಸಲಾರದು.

ಕನ್ನಡ ಓದುಗನಿಗೆ ಇಲ್ಲಿ ಊರ ಮುಂದಿನ ವೀರಗಲ್ಲು ನೆನಪಾದರೆ ಅದು ಸಹಜ. ಸತ್ತವನ ಚಿತ್ರ ಮತ್ತು ಬರಹಗಳೆರಡನ್ನೂ ಒಂದೇ ಹಲಗೆಯಲ್ಲಿ ಕೂಡಿಸಿ ನೆಲದ ಮೇಲೆ ನಿಲ್ಲಿಸುವ ಕ್ರಮವು ಎರಡರಲ್ಲಿಯೂ ಸಮಾನ. ಆದರೆ ಭೇದವೇ ಹೆಚ್ಚು ಬೋಧಪ್ರದವಾದದ್ದು. ವೀರಗಲ್ಲಿನ ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ಅವನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ದೇವರ ಸನ್ನಿಧಿ. ಸಾವಿಗೆ ಅಲ್ಲಿ ಒಂದು ಏರುದಾರಿಯಿದೆ. ಒಫಿಲಿಯ ಚಿತ್ರದಲ್ಲಿ ಸತ್ತವನು ಮೇಲೇರುವುದಿಲ್ಲ. ಹನಿಯಾಗಿ ಕೆಳಕ್ಕೆ ಇಳಿಯುತ್ತಲೇ ಇದ್ದಾನೆ. ಅವನು ಕಾದಿ ಮಡಿದ ವೀರನಲ್ಲ, ಬಸ್ಸಿಗೆ ಕಾದು ನಿಂತಿದ್ದ ಹುಡುಗ. ನ್ಯಾಯವೇ ದೊರೆಯದ ಸಾವಿಗೆ ಸ್ವರ್ಗವನ್ನು ಬರೆದು ಮುಗಿಸಿದ್ದರೆ ಅದು ಸುಳ್ಳಾಗುತ್ತಿತ್ತು.

ಚಿತ್ರದ ಮೇಲೆ ಆಕ್ಷೇಪಣೆಗೆ ಎಡೆಯಿಲ್ಲವೆಂದಲ್ಲ. ಮಿನುಗುವ ಪುಡಿ, ರಾಳದ ಹೊಳಪು, ಚುಕ್ಕೆಗಳ ನಯಗಾರಿಕೆ ಇವೆಲ್ಲ ದುಃಖವನ್ನು ಅಲಂಕರಿಸಿ ಸಹ್ಯಮಾಡುತ್ತವೆಯಲ್ಲವೇ ಎಂದು ಕೇಳಬಹುದು. ಪ್ರಶ್ನೆಯು ನ್ಯಾಯವಾದದ್ದು. ದೂರದಿಂದ ನೋಡಿ ತೆರಳುವವನಿಗೆ ಇದು ಸುಂದರವಾದ ಒಂದು ಅಲಂಕೃತ ಮುಖವಾಗಿಯೇ ಉಳಿಯುವ ಅಪಾಯವುಂಟು. ಪುಸ್ತಕದಲ್ಲಿ ಅಚ್ಚಾದ ಪ್ರತಿಯಲ್ಲಿ ಆ ಅಪಾಯವು ಇನ್ನೂ ಹೆಚ್ಚು, ಏಕೆಂದರೆ ಲದ್ದಿಯ ಗಾತ್ರವೂ ಕತ್ತಲಿನ ಬರಹವೂ ಅಲ್ಲಿ ಬಾರವು. ಕಲಾವಿದನು ತನ್ನ ಚಿತ್ರವು ಒಬ್ಬ ತಾಯಿಯ ದುಃಖವನ್ನು ಮೀರಿ ಸರ್ವಸಾಮಾನ್ಯವಾದ ಶೋಕಕ್ಕೂ ಸಲ್ಲಬೇಕೆಂದು ಬಯಸಿದವನು. ಆ ಬಯಕೆಯೂ ಒಂದು ಅಪಾಯವೇ: ಸರ್ವಸಾಮಾನ್ಯವಾದ ಶೋಕದಲ್ಲಿ ಅಪರಾಧಿಗಳು ಕರಗಿಹೋಗುತ್ತಾರೆ. ಚಿತ್ರವನ್ನು ಈ ಅಪಾಯಗಳಿಂದ ಕಾಪಾಡಿರುವುದು ಅದರ ಸಾಮಗ್ರಿಗಳೇ. ಹನಿಯೊಳಗಿನ ಛಾಯಾಚಿತ್ರವು ಆ ಶೋಕಕ್ಕೆ ಒಂದು ಮುಖವನ್ನು ಕೊಡುತ್ತದೆ. ಅಡಿಯ ಬರಹವು ಅದಕ್ಕೆ ಒಂದು ವರ್ಷವನ್ನು ಕೊಡುತ್ತದೆ. ಕೆಳಗಿನ ಲದ್ದಿಯು ಅದನ್ನು ನೆಲಕ್ಕೆ ಹಿಡಿದು ನಿಲ್ಲಿಸುತ್ತದೆ.

ಆದಕಾರಣ ಇಂಥ ಕೃತಿಯ ಮುಂದೆ ನಿಂತವನು ಇದು ಏನನ್ನು ಸೂಚಿಸುತ್ತದೆ ಎಂದು ಮೊದಲು ಕೇಳತಕ್ಕದ್ದಲ್ಲ. ಇದು ಇಲ್ಲಿ ಏನು ಮಾಡುತ್ತಿದೆ ಎಂದು ಕೇಳತಕ್ಕದ್ದು. ಆ ಪ್ರಶ್ನೆಗೆ ಉತ್ತರವನ್ನು ಕೃತಿಯೊಳಗೆ ಕಂಡುಕೊಂಡವನಿಗೆ ಮಾತ್ರ ಹೊರಗಿನ ಚರಿತ್ರೆಯೂ ಶಾಸ್ತ್ರವೂ ತನ್ನ ಊರಿನ ನೆನಪೂ ನೆರವಿಗೆ ಬರುತ್ತವೆ. ಆ ಸಹನೆಯಿಲ್ಲದವನಿಗೆ ಲದ್ದಿಯಲ್ಲಿ ಲದ್ದಿಯೇ ಕಾಣುತ್ತದೆ. ಹನಿಯೊಳಗಿನ ಹುಡುಗನು ಕಾಣುವುದಿಲ್ಲ.